ಅವರ ಥರ ಕೆಲವೇ ದಿನದಲ್ಲಿ ಆಲ್ಬಂ ಮುಗಿಸಬಹುದಾ?

ಪ್ರಶ್ನೆ: ನನಗೆ 21 ವರ್ಷ, ಊರು ಮೈಸೂರು. ನಾವು ನಾಲ್ಕು ಜನ ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದ್ದೇವೆ. ಅದಕ್ಕೆ ಕಾರಣ ಒಂದೇ ಆಲ್ಬಂ, ಇಂಗ್ಲೆಂಡಿನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್ ಅವರ ಮೊದಲನೆಯದು, ‘ವಾಟೆವರ್ ಪೀಪಲ್ ಸೇ ಐ ಆಮ್, ದಟ್ಸ್ ವಾಟ್ ಐಮ್ ನಾಟ್’. ರೀಲ್ಸ್‌ನಲ್ಲಿ ಅವರ ಈಚಿನ ಹಾಡು ಕೇಳಿ, ಹಿಂದೆ ಹಿಂದೆ ಹೋಗಿ ಇದನ್ನು ಹಿಡಿದೆವು. ಒಂದು ವರ್ಷದಿಂದ ಬೇರೆ ಏನೂ ಕಿವಿಗೆ ಹತ್ತುತ್ತಿಲ್ಲ. ನಮ್ಮ ಹತ್ತಿರ ಸದ್ಯ ಏಳು ಹಾಡು ಇವೆ, ಐದು ಇಂಗ್ಲಿಷ್, ಎರಡು ಕನ್ನಡ. ಜನರ ಮುಂದೆ ನುಡಿಸಿದ್ದು ಮೂರೇ ಸಲ. ಎಲ್ಲರೂ ಸೇರಿ 1.8 ಲಕ್ಷ ರೂಪಾಯಿ ಕೂಡಿಟ್ಟಿದ್ದೇವೆ. ಸ್ಟುಡಿಯೋ ಬುಕ್ ಮಾಡಿ, ಇನ್ನೂ ನಾಲ್ಕೈದು ಹಾಡು ಅಲ್ಲೇ ಬರೆದು, ಎರಡು ವಾರದಲ್ಲಿ ಆಲ್ಬಂ ಮುಗಿಸುವ ಆಸೆ. ಸ್ಟುಡಿಯೋದವರು ‘ಒಬ್ಬೊಬ್ಬರೇ ಕ್ಲಿಕ್‌ಗೆ (ಕಿವಿಯಲ್ಲಿ ತಾಳ ಎಣಿಸುವ ಟಿಕ್ ಟಿಕ್ ಸದ್ದಿಗೆ) ನುಡಿಸಿ’ ಅಂತಾರೆ. ನಮ್ಮ ಡ್ರಮ್ಮರ್ ‘ಅವರು ಲೈವ್ ಆಗಿ ಮಾಡಿದ್ದು, ನಾವೂ ಹಾಗೇ ಮಾಡೋಣ’ ಅಂತಾನೆ. ಅವರು ಮೈಸ್ಪೇಸ್ ಅನ್ನುವ ಆಗಿನ ಸೋಷಿಯಲ್ ಮೀಡಿಯಾ ಸೈಟ್‌ನಿಂದ ರಾತ್ರೋರಾತ್ರಿ ಬೆಳೆದರಂತೆ, ನಾವೂ ಎಲ್ಲ ಹಾಡನ್ನೂ ಫ್ರೀಯಾಗಿ ನೆಟ್‌ನಲ್ಲಿ ಬಿಡಬಹುದಾ? ಇನ್ನೊಂದು ವಿಷಯ. ಮೊನ್ನೆ ಒಬ್ಬರು ಆ ಬ್ಯಾಂಡಿನ ಗಾಯಕನ ಹೆಸರು ಹೇಳಿ ‘ನೀನು ಅವನ ಥರಾನೇ ಹಾಡ್ತೀಯ’ ಅಂದರು. ಹೊಗಳಿಕೆಯೋ ಟೀಕೆಯೋ ಗೊತ್ತಾಗಲಿಲ್ಲ. ಕೊನೆಯದಾಗಿ, ಇಷ್ಟು ಇಷ್ಟವಾದ ಆಲ್ಬಂ ಹೆಡ್‌ಫೋನ್‌ನಲ್ಲಿ ಕೇಳಿದರೆ ಇಪ್ಪತ್ತು ನಿಮಿಷಕ್ಕೆ ಕಿವಿ ದಣಿಯುತ್ತೆ. ಇದು ನನಗೊಬ್ಬನಿಗಾ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ಆ ಆಲ್ಬಂ ಹಾಕಿ ಪೂರ್ತಿ ಕೇಳಿದೆ. ಹದಿಮೂರು ಹಾಡು, ಸುಮಾರು 41 ನಿಮಿಷ. ಮುಗಿದ ಕೂಡಲೇ ಮತ್ತೆ ಮೊದಲಿಂದ ಹಾಕಿದೆ. ಹಾಗಾಗಿ ನಿಮ್ಮ ಹುಚ್ಚು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಾನು ಬೆಂಗಳೂರಿನಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಕೆಲಸ ಶುರು ಮಾಡಿ ಇಪ್ಪತ್ತು ವರ್ಷ ದಾಟಿದೆ. 2006ರಲ್ಲಿ ಇನ್ನೂ ಅಸಿಸ್ಟೆಂಟ್. ಹಗಲೆಲ್ಲ ಜಾಹೀರಾತಿನ ಜಿಂಗಲ್, ಭಕ್ತಿಗೀತೆ, ಕೇಬಲ್ ಸುತ್ತುವುದು, ಕಾಫಿ ತರುವುದು. ಒಂದು ರಾತ್ರಿ ಕೆಲಸ ಮುಗಿದ ಮೇಲೆ ಸೀನಿಯರ್ ಒಬ್ಬರು ಈ ಸಿ.ಡಿ. ತೆಗೆದು ದೊಡ್ಡ ಸ್ಪೀಕರ್‌ಗೆ ಹಾಕಿದರು. ಸಿ.ಡಿ. ಮೇಲೆ ಸಿಗರೇಟ್ ತುಂಡು ತುಂಬಿದ ಆ್ಯಶ್‌ಟ್ರೇ ಚಿತ್ರ. ಮೊದಲ ಹಾಡು ಶುರುವಾಯಿತು. ಗಿಟಾರಿನ ಏಟುಗಳ ನಡುವೆ ಡ್ರಮ್ಸ್ ಆಲಿಕಲ್ಲು ಮಳೆಯ ಹಾಗೆ ಸುರಿಯಿತು. ಕೈಯಲ್ಲಿದ್ದ ಕೇಬಲ್ ಅಲ್ಲೇ ಬಿಟ್ಟು ಕೂತೆ. ನಾವು ದಿನವಿಡೀ ಒಂದೊಂದು ವಾದ್ಯವನ್ನು ಬೇರೆ ಬೇರೆ ಹಿಡಿದು, ತಿದ್ದಿ, ತೀಡಿ ಜೋಡಿಸುತ್ತಿದ್ದೆವು. ಇಲ್ಲಿ ನಾಲ್ಕು ಹುಡುಗರು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿರುವ ಹಾಗೆ ಕೇಳುತ್ತಿತ್ತು. ಆ ರಾತ್ರಿಯ ಆಸೆಯೇ ಇವತ್ತಿಗೂ ನನ್ನನ್ನು ಈ ಕೆಲಸದಲ್ಲಿ ಇಟ್ಟಿದೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಅವುಗಳ ಹಿಂದಿರುವ ಆತಂಕ ಒಂದೇ ಅನಿಸಿತು. ‘ಅವರಿಗೆ ಅಷ್ಟು ಬೇಗ, ಅಷ್ಟು ಸಲೀಸಾಗಿ ಆಯಿತಲ್ಲ, ನಾವು ಈಗಲೇ ಮಾಡದಿದ್ದರೆ ತಡವಾಗುತ್ತಾ?’ ಇದೇ ಅಲ್ವಾ? ಅದಕ್ಕೇ ಮೊದಲು ‘ಅಷ್ಟು ಬೇಗ’ ಅನ್ನುವ ಮಾತನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಇಂಗ್ಲೆಂಡಿನ ಶೆಫೀಲ್ಡ್ ಉಕ್ಕಿನ ಕಾರ್ಖಾನೆಗಳ ಊರು. ಅದರ ಅಂಚಿನಲ್ಲಿರುವ ಹೈ ಗ್ರೀನ್ ಅನ್ನುವ ಬಡಾವಣೆಯ ಹುಡುಗರು ಇವರು. ಹಾಡುವ ಅಲೆಕ್ಸ್ ಟರ್ನರ್ ಮತ್ತು ಜೇಮಿ ಕುಕ್‌ಗೆ ಮನೆಯಲ್ಲಿ ಗಿಟಾರ್ ಕೊಡಿಸಿದ್ದು 2001ರ ಕ್ರಿಸ್‌ಮಸ್‌ಗೆ. ಆ್ಯಂಡಿ ನಿಕಲ್ಸನ್ ಬೇಸ್ ಹಿಡಿದ. ಮ್ಯಾಟ್ ಹೆಲ್ಡರ್ಸ್ ಡ್ರಮ್ಸ್‌ಗೆ ಕೂತಿದ್ದು ಉಳಿದಿದ್ದು ಅದೊಂದೇ ಅನ್ನುವ ಕಾರಣಕ್ಕೆ! ಅವರ ಮೊದಲ ಗಿಗ್, ಅಂದರೆ ಜನರ ಮುಂದೆ ನುಡಿಸಿದ್ದು, 2003ರ ಜೂನ್ 13ರಂದು, ಶೆಫೀಲ್ಡಿನ ‘ದಿ ಗ್ರೇಪ್ಸ್’ ಅನ್ನುವ ಪಬ್‌ನಲ್ಲಿ. ಗಿಟಾರ್ ಕೈಗೆ ಬಂದು ಹತ್ತಿರ ಹತ್ತಿರ ಒಂದೂವರೆ ವರ್ಷದ ಮೇಲೆ. ಆಲ್ಬಂ ರೆಕಾರ್ಡ್ ಆಗಿದ್ದು 2005ರ ಸೆಪ್ಟೆಂಬರ್‌ನಲ್ಲಿ, ಅಂದರೆ ಮೊದಲ ಗಿಗ್ ಆಗಿ ಮತ್ತೆ ಎರಡು ವರ್ಷ ಮೂರು ತಿಂಗಳಿಗೆ. ಆ ಮಧ್ಯೆ ಏನು ಮಾಡಿದರು? ನುಡಿಸಿದರು. ಪಬ್, ಸಣ್ಣ ಹಾಲ್, ಸಿಕ್ಕಿದಲ್ಲೆಲ್ಲ. ಕುಡಿದು ಮಾತಾಡುತ್ತಿರುವ ಜನರ ಮುಂದೆ ಒಂದು ಹಾಡನ್ನು ಹತ್ತಾರು ಸಲ ನುಡಿಸಿದಾಗ ಆ ಹಾಡಿಗೆ ಆಗುವುದು ಯಾವ ಸ್ಟುಡಿಯೋದಲ್ಲೂ ಆಗಲ್ಲ. ಎಲ್ಲಿ ಜನ ಬೆನ್ನು ತಿರುಗಿಸಿ ಕೌಂಟರ್ ಕಡೆ ಹೋಗುತ್ತಾರೋ ಆ ಭಾಗ ಮುಂದಿನ ವಾರ ಹಾಡಲ್ಲಿ ಇರುವುದಿಲ್ಲ. ಈ ಆಲ್ಬಂನ ಹಾಡುಗಳಲ್ಲಿ ಸುಮ್ನೆ ಜಾಗ ತುಂಬಿಸುವ ಸಾಲು ಎಷ್ಟು ಕಡಿಮೆ ನೋಡಿ.

ಹಾಗಾಗಿ ‘ಕೆಲವೇ ದಿನದಲ್ಲಿ ಮಾಡಿದರು’ ಅನ್ನುವುದು ಅರ್ಧ ನಿಜ. ಲಿಂಕನ್‌ಶೈರ್‌ನ ಸೌತ್ ಥೋರ್ಸ್ಬಿ ಅನ್ನುವ ಹಳ್ಳಿಯ ಚಾಪೆಲ್ ಸ್ಟುಡಿಯೋಸ್‌ಗೆ ಹೋದರು, ಪ್ರೊಡ್ಯೂಸರ್ ಜಿಮ್ ಆ್ಯಬಿಸ್ ಜೊತೆ ಬೇಗ ಮುಗಿಸಿದರು. ಬೇಗ ಆಗಿದ್ದು ಯಾಕೆ ಅಂದರೆ ಅವರು ಅಲ್ಲಿಗೆ ಹೋಗಿದ್ದು ಹಾಡು ಹುಡುಕೋಕೆ ಅಲ್ಲ. ಹಾಡುಗಳು ಆಗಲೇ ಬೆರಳಿನಲ್ಲಿದ್ದವು. ಅಡುಗೆ ಮನೆಯಲ್ಲೇ ಆಗಿತ್ತು, ಸ್ಟುಡಿಯೋದಲ್ಲಿ ಬಡಿಸಿದರು ಅಷ್ಟೇ. ನೀವು ‘ಇನ್ನೂ ನಾಲ್ಕೈದು ಹಾಡು ಅಲ್ಲೇ ಬರೆದು’ ಅಂತ ಬರೆದಿದ್ದೀರಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಕೋಣೆಯಲ್ಲಿ ಕೂತು ಹಾಡು ಬರೆಯುವುದು ಅಂದರೆ ಮೀಟರ್ ಓಡುತ್ತಿರುವ ಆಟೋದಲ್ಲಿ ಕೂತು ಎಲ್ಲಿಗೆ ಹೋಗಬೇಕು ಅಂತ ಯೋಚನೆ ಮಾಡಿದ ಹಾಗೆ. ದಯವಿಟ್ಟು ಬೇಡ.

ಇನ್ನು ಮೈಸ್ಪೇಸ್ ಕಥೆ. ಇದನ್ನು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ನಿಜ ಏನು ಅಂದರೆ, ಮೈಸ್ಪೇಸ್‌ನಲ್ಲಿ ಅವರ ಪುಟ ಮಾಡಿದ್ದು ಅಭಿಮಾನಿಗಳು. ಅದೇನು ಅಂತ ತಮಗೆ ಗೊತ್ತೇ ಇರಲಿಲ್ಲ ಅಂತ ಬ್ಯಾಂಡಿನವರೇ ಆಮೇಲೆ ಹೇಳಿದ್ದಾರೆ. ಅವರು ಮಾಡಿದ್ದು ಇಷ್ಟೇ. ಡೆಮೊ ಹಾಡುಗಳನ್ನು ಸಿ.ಡಿ.ಗೆ ಬರ್ನ್ ಮಾಡಿ ಗಿಗ್‌ಗೆ ಬಂದವರಿಗೆ ಸುಮ್ನೆ ಹಂಚಿದರು. ಸಿಗುತ್ತಿದ್ದ ಸಿ.ಡಿ. ಕಡಿಮೆ, ಬೇಕು ಅನ್ನುವವರು ಜಾಸ್ತಿ. ಸಿಕ್ಕಿದವರು ಕಂಪ್ಯೂಟರಿಗೆ ಹಾಕಿ ಉಳಿದವರಿಗೆ ಕಳಿಸಿದರು. ಆ ಡೆಮೊಗಳ ಕಟ್ಟಿಗೆ ‘ಬಿನೀತ್ ದ ಬೋರ್ಡ್‌ವಾಕ್’ ಅನ್ನುವ ಹೆಸರು ಬಂದಿದ್ದೂ ಹೀಗೇ. ಬೋರ್ಡ್‌ವಾಕ್ ಅನ್ನುವುದು ಶೆಫೀಲ್ಡಿನ ಒಂದು ಗಿಗ್ ಜಾಗ, ಟರ್ನರ್ ಅಲ್ಲಿಯ ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದ. ಯಾರೋ ಒಬ್ಬ ಅಭಿಮಾನಿ, ಸಿ.ಡಿ. ಸಿಕ್ಕಿದ ಜಾಗದ ಗುರುತಿಗೆ ಅಂತ ಫೈಲ್‌ಗಳಿಗೆ ಆ ಹೆಸರಿಟ್ಟು ಹಂಚಿದ. ಜನ ಅದೇ ಆಲ್ಬಂ ಹೆಸರು ಅಂದುಕೊಂಡರು.

ಈ ಕಥೆಯಲ್ಲಿ ಇಂಟರ್‌ನೆಟ್ ದಾರಿ ಮಾತ್ರ. ಹೊರಟ ಜಾಗ ಗಿಗ್. ತಲುಪಿದ ಜಾಗವೂ ಗಿಗ್ಗೇ. ಫೈಲ್ ಹಂಚಿಕೊಂಡವರು ಮುಂದಿನ ಗಿಗ್‌ಗೆ ಪ್ರತಿ ಪದ ಬಾಯಿಪಾಠ ಮಾಡಿಕೊಂಡು ಬಂದರು. ಅಂಗಡಿಯಲ್ಲಿ ಒಂದು ಆಲ್ಬಂ ಕೂಡ ಇಲ್ಲದ ಬ್ಯಾಂಡಿನ ಹಾಡನ್ನು ಹಾಲ್ ತುಂಬಾ ಜನ ಬ್ಯಾಂಡಿಗಿಂತ ಜೋರಾಗಿ ಹಾಡುತ್ತಿದ್ದರು. 2005ರ ಮೇನಲ್ಲಿ ತಮ್ಮದೇ ಪುಟ್ಟ ಲೇಬಲ್ (ಹಾಡು ಹೊರತರುವ ಕಂಪನಿ) ಮಾಡಿಕೊಂಡು ಹೊರತಂದ ಮೊದಲ ರೆಕಾರ್ಡ್ ಎಷ್ಟು ಪ್ರತಿ ಗೊತ್ತಾ? 500 ಸಿ.ಡಿ., 1000 ವಿನೈಲ್. ಅದಾದ ಮೇಲೆ ಡಾಮಿನೊ ಅನ್ನುವ ಸ್ವತಂತ್ರ ಲೇಬಲ್ ಸೇರಿದರು. ಅಕ್ಟೋಬರ್‌ನಲ್ಲಿ ‘ಐ ಬೆಟ್ ಯು ಲುಕ್ ಗುಡ್ ಆನ್ ದ ಡಾನ್ಸ್‌ಫ್ಲೋರ್’ ಬಂತು, ನೇರ ನಂಬರ್ ಒನ್. 2006ರ ಜನವರಿ 23ಕ್ಕೆ ಆಲ್ಬಂ ಬಂದಾಗ ಮೊದಲ ವಾರ ಬ್ರಿಟನ್‌ನಲ್ಲಿ ಖರ್ಚಾದದ್ದು 3,63,735 ಪ್ರತಿ. ಆವರೆಗೆ ಅಲ್ಲಿ ಯಾವ ಬ್ಯಾಂಡಿನ ಮೊದಲ ಆಲ್ಬಂ ಕೂಡ ಅಷ್ಟು ಬೇಗ ಮಾರಾಟವಾಗಿರಲಿಲ್ಲ. ಟರ್ನರ್‌ಗೆ ಆಗ ತಾನೇ ಇಪ್ಪತ್ತು ತುಂಬಿತ್ತು. ಹಾಡುಗಳಲ್ಲಿ ಎಷ್ಟೋ ಆಗಲೇ ಫ್ರೀಯಾಗಿ ಸಿಗುತ್ತಿದ್ದವು, ಆದರೂ ಜನ ದುಡ್ಡು ಕೊಟ್ಟು ಕೊಂಡರು. ಯಾಕೆ ಅಂದರೆ ಅದು ಅಷ್ಟೊತ್ತಿಗೆ ಅವರದೇ ಆಗಿತ್ತು.

ಈಗ ನಿಮ್ಮ ‘ಫ್ರೀಯಾಗಿ ಬಿಡೋಣವಾ’ ಪ್ರಶ್ನೆಗೆ ಬರುತ್ತೇನೆ. 2004ರಲ್ಲಿ ಬ್ಯಾಂಡಿನವರೇ ಹಾಡು ಫ್ರೀಯಾಗಿ ಕೊಡುವುದು ಅಪರೂಪ. ಇವತ್ತು ಎಲ್ಲರ ಹಾಡೂ ಫ್ರೀಯೇ. ನೆಟ್‌ಗೆ ಹಾಕಿದ ಮಾತ್ರಕ್ಕೆ ಯಾರೂ ತಿರುಗಿ ನೋಡಲ್ಲ. ಅವರು ಮಾಡಿದ ಕೆಲಸವನ್ನು ಇವತ್ತು ಮಾಡಬೇಕಾದರೆ ಹೀಗೆ ಮಾಡಬಹುದು. ಗಿಗ್‌ಗೆ ಬಂದ ಮೂವತ್ತು ಜನರ ನಂಬರ್ ತಗೊಳ್ಳಿ, ಮನೆಗೆ ಹೋಗುವಷ್ಟರಲ್ಲಿ ಅವರ ವಾಟ್ಸಾಪ್‌ಗೆ ಆವತ್ತಿನ ಎರಡು ಹಾಡು ಹೋಗಲಿ. ಆ ಮೂವತ್ತರಲ್ಲಿ ಹತ್ತು ಜನ ಮುಂದಿನ ಗಿಗ್‌ಗೆ ಪದ ಕಲಿತು ಬಂದರೆ ನಿಮ್ಮ ಹಾಡಿನಲ್ಲಿ ಏನೋ ಇದೆ ಅಂತ ಅರ್ಥ. ಯಾರೂ ಬರದಿದ್ದರೆ ಅದೂ ಒಂದು ಉತ್ತರವೇ. 1.8 ಲಕ್ಷ ಖರ್ಚಾಗುವ ಮೊದಲೇ ಸಿಕ್ಕ ಉತ್ತರ. ಇದರಲ್ಲಿ ಒಂದು ಅಪಾಯವೂ ಇದೆ. ಒಮ್ಮೆ ಹೊರಗೆ ಹೋದ ಡೆಮೊ ವಾಪಸ್ ಬರಲ್ಲ. ಎರಡು ವರ್ಷದ ಮೇಲೆ ನೀವು ನಾಚಿಕೊಳ್ಳುವ ಟೇಕ್ ಕೂಡ ಎಲ್ಲೋ ಓಡಾಡುತ್ತಲೇ ಇರುತ್ತದೆ. ಹಾಗಾಗಿ ಏಳನ್ನೂ ಬಿಡಬೇಡಿ, ಎರಡು ಸಾಕು.

ನೀವು ಕೊನೆಯಲ್ಲಿ ಸಣ್ಣದಾಗಿ ಬರೆದ ಮಾತೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ‘ನೀನು ಅವನ ಥರಾನೇ ಹಾಡ್ತೀಯ.’ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಲ್ಬಂನ ಮೂರನೇ ಹಾಡು ‘ಫೇಕ್ ಟೇಲ್ಸ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ’ ನಿಮಗೆ ಬಾಯಿಪಾಠ ಇರುತ್ತದೆ. ಅದರಲ್ಲಿ ಒಬ್ಬ ಲೋಕಲ್ ಹುಡುಗ ವೇದಿಕೆ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಕಥೆ ಹೊಡೆಯುತ್ತಿರುತ್ತಾನೆ. ಆದರೆ ಅವನ ಊರು ಹಂಟರ್ಸ್ ಬಾರ್, ಅದು ಶೆಫೀಲ್ಡಿನದೇ ಒಂದು ಏರಿಯಾ. ನಿನಗೆ ಗೊತ್ತಿಲ್ಲದ ಊರಿನ ಬಗ್ಗೆ ಯಾಕಪ್ಪಾ ಹಾಡ್ತೀಯ ಅಂತ ಟರ್ನರ್ ಕೇಳುತ್ತಿದ್ದಾನೆ. ಈಗ ಮೈಸೂರಿನ ಹುಡುಗ ಶೆಫೀಲ್ಡ್ ಉಚ್ಚಾರಣೆಯಲ್ಲಿ ಹಾಡಿದರೆ ಆ ಹಾಡು ಯಾರ ಬಗ್ಗೆ ಆಗುತ್ತದೆ? ನಿಮ್ಮ ಮನಸ್ಸು ನೋಯಿಸೋಕೆ ಹೇಳುತ್ತಿಲ್ಲ. ಇಷ್ಟಪಟ್ಟವರ ದನಿಯನ್ನು ನಾವೆಲ್ಲ ಮೊದಲು ತೊಟ್ಟುಕೊಂಡೇ ಕಲಿಯುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ಈ ಆಲ್ಬಂನಿಂದ ಕಲಿಯುವುದು ಏನಾದರೂ ಇದ್ದರೆ ಅದು ಆ ದನಿ ಅಲ್ಲ. ತನ್ನ ದನಿಯನ್ನು ಮುಚ್ಚಿಡದಿರುವುದು.

ಹಾಡುಗಳಲ್ಲಿ ಏನಿದೆ ನೋಡಿ. ಎಂಟನೇ ಹಾಡಿನ ಹೆಸರು ‘ರೆಡ್ ಲೈಟ್ ಇಂಡಿಕೇಟ್ಸ್ ಡೋರ್ಸ್ ಆರ್ ಸೆಕ್ಯೂರ್ಡ್’. ಅದು ಅಲ್ಲಿಯ ಟ್ಯಾಕ್ಸಿಯೊಳಗೆ ಅಂಟಿಸಿರುವ ಸೂಚನೆ. ಹಾಡು ಶುರುವಾಗುವುದೇ ಆರು ಜನ ಹತ್ತಬಹುದಾ, ಇಲ್ಲದಿದ್ದರೆ ಎರಡು ಗಾಡಿ ಮಾಡಬೇಕು ಅನ್ನುವ ಮಾತಿನಿಂದ. ರಾತ್ರಿ ಹೊತ್ತು ಗೆಳೆಯರ ಗುಂಪಿನಲ್ಲಿ ನಿಂತು ಈ ಲೆಕ್ಕ ಹಾಕದವರು ಯಾರಿದ್ದಾರೆ? ‘ಫ್ರಮ್ ದ ರಿಟ್ಜ್ ಟು ದ ರಬಲ್’ನಲ್ಲಿ ಕ್ಲಬ್ ಬಾಗಿಲ ಹತ್ತಿರ ನಿಂತ ಬೌನ್ಸರ್‌ಗಳು. ‘ರಯಟ್ ವ್ಯಾನ್’ನಲ್ಲಿ ಪೊಲೀಸರನ್ನು ಕೆಣಕುವ ಪಡ್ಡೆ ಹುಡುಗರು. ‘ವೆನ್ ದ ಸನ್ ಗೋಸ್ ಡೌನ್’ ಹುಟ್ಟಿದ್ದು ಶೆಫೀಲ್ಡಿನ ನೀಪ್ಸೆಂಡ್ ಕಡೆ ಸಂಜೆ ಮೇಲೆ ಬೀದಿಯಲ್ಲಿ ನಿಲ್ಲುತ್ತಿದ್ದ ಹೆಣ್ಣುಮಕ್ಕಳನ್ನು, ಅವರನ್ನು ದುಡಿಸಿಕೊಳ್ಳುವ ಗಂಡಸನ್ನು ನೋಡಿ. ಎಲ್ಲವೂ ಮನೆಯಿಂದ ಒಂದು ಬಸ್ ದೂರದಲ್ಲಿ ಇದ್ದದ್ದು.

ಭಾಷೆಯೂ ಅಷ್ಟೇ. ‘ಮಾರ್ಡಿ ಬಮ್’ನಲ್ಲಿರುವ ‘ಮಾರ್ಡಿ’ ಇಂಗ್ಲೆಂಡಿನ ಆ ಕಡೆಯ ಮನೆಮಾತು. ಸಣ್ಣದಕ್ಕೆಲ್ಲ ಮುಖ ಊದಿಸಿಕೊಂಡು ಕೂರುವವರಿಗೆ ಹಾಗೆ ಅನ್ನುತ್ತಾರೆ. ಲಂಡನ್ನಿನವರಿಗೇ ಅರ್ಥವಾಗದ ಪದವನ್ನು ಟರ್ನರ್ ಹಾಡಿನ ಹೆಸರಿಗೇ ಇಟ್ಟ. ಅರ್ಥ ಗೊತ್ತಿಲ್ಲದೆಯೂ ಪ್ರಪಂಚ ಅದನ್ನು ಹಾಡಿತು, ನೀವೂ ಹಾಡುತ್ತಿದ್ದೀರಿ. ನಮ್ಮಲ್ಲೇ ನೋಡಿ, ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿಗೆ ಕಟ್ಟಿ ಹೊರದೇಶಗಳಲ್ಲಿ ಹಾಡಿದಾಗ ಯಾರೂ ನಿಘಂಟು ಕೇಳಲಿಲ್ಲ.

ಕೊನೆಯ ಹಾಡಿನ ವಿಷಯ ಹೇಳದೆ ಮುಂದೆ ಹೋಗೋಕೆ ಆಗಲ್ಲ. ‘ಎ ಸರ್ಟನ್ ರೊಮಾನ್ಸ್’. ಶುರುವಿನಲ್ಲಿ ಡ್ರಮ್ಸ್ ಗುಡುಗಿ, ಆಮೇಲೆ ಹಾಡು ಇದ್ದಕ್ಕಿದ್ದ ಹಾಗೆ ಹಗುರಾಗಿ ಕುಣಿಯೋಕೆ ಶುರು ಮಾಡುತ್ತದೆ. ತನ್ನ ಊರಿನ ಹುಡುಗರ ಬಗ್ಗೆ ಬಯ್ಯುತ್ತಾ ಹೋಗುತ್ತಾನೆ. ಅವರ ಶೂ, ಜಗಳ, ಸಂಗೀತ ಅಂದರೆ ರಿಂಗ್‌ಟೋನ್ ಅಂದುಕೊಂಡವರು, ಇಲ್ಲಿ ಪ್ರೀತಿ ಗೀತಿ ಏನೂ ಇಲ್ಲ ಅಂತ. ಕೊನೆಗೆ ಬಂದಾಗ ದನಿ ಮೆತ್ತಗಾಗುತ್ತದೆ. ಅಲ್ಲಿರುವವರಲ್ಲಿ ನನ್ನ ಗೆಳೆಯರೂ ಇದ್ದಾರೆ, ಅವರು ಗೆರೆ ದಾಟಿದರೂ ಅವರ ಮೇಲೆ ಅದೇ ಥರ ಸಿಟ್ಟು ಮಾಡಿಕೊಳ್ಳೋಕೆ ನನಗೆ ಆಗಲ್ಲ ಅನ್ನುತ್ತಾನೆ. ಆಮೇಲೆ ಮಾತಿಲ್ಲ. ಗಿಟಾರ್ ಹೇಳುತ್ತಾ ಹೋಗುತ್ತದೆ. ಹತ್ತೊಂಬತ್ತು ಇಪ್ಪತ್ತರ ಹುಡುಗ ತನ್ನ ಊರನ್ನು ಬೈದು, ಬೈದ ಬಾಯಲ್ಲೇ ಅಪ್ಪಿಕೊಳ್ಳುವುದು ಇದೆಯಲ್ಲ, ಅದಕ್ಕೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಈ ಸಾಲು ಬರೆಯೋಕೆ ಸ್ಟುಡಿಯೋ ಬೇಡ, ದುಡ್ಡು ಬೇಡ. ಆ ಗೆಳೆಯರು ಬೇಕು, ಅಷ್ಟೇ.

ನಿಮ್ಮ ಎರಡು ಕನ್ನಡ ಹಾಡುಗಳಲ್ಲಿ ಏನಿದೆ ನನಗೆ ಗೊತ್ತಿಲ್ಲ. ಇಂಗ್ಲಿಷ್‌ನಲ್ಲಿ ಹಾಡಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಇಂಗ್ಲಿಷ್ ಹಾಡನ್ನು ಮೈಸೂರಿನ ನಿಮ್ಮ ಮಾತಿನ ಇಂಗ್ಲಿಷ್‌ನಲ್ಲೇ ಹಾಡಿ, ಕ್ಲಾಸಿನಲ್ಲಿ, ಬೇಕರಿ ಮುಂದೆ ನೀವು ಆಡುವ ಇಂಗ್ಲಿಷ್‌ನಲ್ಲಿ. ಒಂದು ಪರೀಕ್ಷೆ ಮಾಡಿ. ಹಾಡಿನ ಪದಗಳನ್ನು ರಾಗವಿಲ್ಲದೆ ಸುಮ್ನೆ ಗೆಳೆಯನಿಗೆ ಹೇಳುವ ಹಾಗೆ ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಹಾಡಿದ್ದನ್ನು ಕೇಳಿ. ಎರಡೂ ಒಬ್ಬನೇ ಮನುಷ್ಯ ಅನ್ನಿಸಬೇಕು. ಸ್ಟುಡಿಯೋಗೆ ಬರುವ ಹೊಸ ಗಾಯಕರಿಗೆಲ್ಲ ನಾನು ಇದನ್ನು ಮಾಡಿಸುತ್ತೇನೆ. ಹೆಚ್ಚಿನವರು ಎರಡನೇ ಸಾಲಿಗೇ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ, ಅವರಿಗೇ ಗೊತ್ತಾಗಿರುತ್ತದೆ.

ಸರಿ, ಲೈವ್ ಆಗಿ ಮಾಡುವುದೋ, ಬೇರೆ ಬೇರೆ ನುಡಿಸುವುದೋ?

ನಿಮ್ಮ ಡ್ರಮ್ಮರ್ ಹೇಳಿದ್ದು ನಿಜ. ಆ ಆಲ್ಬಂನಲ್ಲಿ ಕೇಳಿಸುವ ಜೀವ ನಾಲ್ವರೂ ಒಟ್ಟಿಗೆ ನುಡಿಸಿದ್ದರಿಂದ ಬಂದದ್ದು. ಹೀಗೆ ನುಡಿಸುವಾಗ ವೇಗ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಕೋರಸ್ ಬಂದಾಗ ಸ್ವಲ್ಪ ನುಗ್ಗುತ್ತಾರೆ, ಆಮೇಲೆ ಉಸಿರು ಬಿಡುತ್ತಾರೆ. ನಮಗೆ ಗೊತ್ತಿಲ್ಲದೆ ನಮ್ಮ ಕಾಲು ಕುಣಿಯುವುದು ಅದಕ್ಕೇ. ಕ್ಲಿಕ್ ಹಾಕಿ ಒಬ್ಬೊಬ್ಬರೇ ನುಡಿಸಿದರೆ ಅದು ಸಪಾಟಾಗುವ ಸಾಧ್ಯತೆ ಜಾಸ್ತಿ.

ಆದರೆ ನಿಮ್ಮ ಸ್ಟುಡಿಯೋದವರು ಸುಮ್ನೆ ಹೇಳಿದ್ದಲ್ಲ. ಒಂದೇ ಕೋಣೆಯಲ್ಲಿ ನುಡಿಸಿದರೆ ಡ್ರಮ್ಸ್ ಸದ್ದು ಎಲ್ಲ ಮೈಕ್‌ಗೂ ನುಗ್ಗುತ್ತದೆ. ಗಿಟಾರಿಸ್ಟ್ ಒಂದು ಕಡೆ ತಪ್ಪಿದರೆ ಅದನ್ನು ಮಾತ್ರ ತೆಗೆಯೋಕೆ ಆಗಲ್ಲ, ಇಡೀ ಟೇಕ್ ಮತ್ತೆ. ಮೂರೇ ಗಿಗ್ ಮಾಡಿದ ಬ್ಯಾಂಡಿಗೆ ಅದು ಹದಿನೈದನೇ ಟೇಕ್‌ವರೆಗೂ ಹೋಗಬಹುದು. ಅಷ್ಟೊತ್ತಿಗೆ ಕೈ ಸೋತಿರುತ್ತದೆ, ಒಬ್ಬರ ಮುಖ ಒಬ್ಬರು ನೋಡುತ್ತಿರುವುದಿಲ್ಲ. ಹಾಗೆ ಒಡೆದ ಬ್ಯಾಂಡ್‌ಗಳನ್ನು ನೋಡಿದ್ದೇನೆ. ಕೂಡಿಟ್ಟಿದ್ದೆಲ್ಲ ಹಾಕಿ ಹತ್ತು ಹಾಡಿಗೆ ಬಂದ ಒಂದು ತಂಡ, ಆರನೇ ದಿನ ನಾಲ್ಕನೇ ಹಾಡಿನಲ್ಲೇ ಇತ್ತು. ಮಿಕ್ಸಿಂಗ್‌ಗೆ ದುಡ್ಡು ಉಳಿಯಲಿಲ್ಲ. ಆ ಹಾಡುಗಳು ಇವತ್ತಿಗೂ ನನ್ನ ಹಳೇ ಹಾರ್ಡ್ ಡಿಸ್ಕ್‌ನಲ್ಲಿವೆ. ಅದನ್ನು ನೋಡಿದಾಗೆಲ್ಲ ಅವತ್ತೇ ಬೇಡ ಅನ್ನಬೇಕಿತ್ತು ಅನಿಸುತ್ತದೆ.

ನಡುವಿನ ದಾರಿ ಒಂದಿದೆ, ನಾನು ಹೊಸಬರಿಗೆ ಹೇಳುವುದು ಅದನ್ನೇ. ಡ್ರಮ್ಸ್, ಬೇಸ್, ಗಿಟಾರ್ ಒಟ್ಟಿಗೆ, ಕಣ್ಣಿಗೆ ಕಣ್ಣು ಕಾಣುವ ಹಾಗೆ. ಆದರೆ ಆಂಪ್‌ಗಳು (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗಳು) ಬೇರೆ ಕೋಣೆಯಲ್ಲಿ, ಅಥವಾ ದಪ್ಪ ಹಾಸಿಗೆ ಗೋಡೆ ಮಾಡಿ ಮರೆಯಲ್ಲಿ. ನೀವು ಪಕ್ಕದಲ್ಲಿ ನಿಂತು ಗುರುತಿಗೆ ಹಾಡಿ, ಅಸಲಿ ಹಾಡು ಆಮೇಲೆ ಬೇರೆಯಾಗಿ ಹಿಡಿಯಿರಿ. ಕ್ಲಿಕ್ ಬೇಕಿದ್ದರೆ ಶುರುವಿನ ನಾಲ್ಕು ಎಣಿಕೆಗೆ ಇರಲಿ, ಆಮೇಲೆ ಆರಿಸಿಬಿಡಿ. ಒಂದು ಹಾಡಿಗೆ ಆರು ಟೇಕ್ ಮಿತಿ. ಆರರಲ್ಲಿ ಬರದಿದ್ದರೆ ಆ ಹಾಡು ಇನ್ನೂ ಹಣ್ಣಾಗಿಲ್ಲ, ಮುಂದಿನದಕ್ಕೆ ಹೋಗಿ. ಇದಕ್ಕೂ ಮೊದಲು ನೀವು ಅಭ್ಯಾಸ ಮಾಡುವ ಜಾಮ್ ರೂಮಿನಲ್ಲಿ ಫೋನ್ ನೆಲದ ಮೇಲಿಟ್ಟು ಪೂರ್ತಿ ಸೆಟ್ ರೆಕಾರ್ಡ್ ಮಾಡಿ ಕೇಳಿ. ಫೋನಿನ ದರಿದ್ರ ಸದ್ದಿನಲ್ಲೂ ಚೆನ್ನಾಗಿ ಕೇಳಿಸಿದ ಹಾಡು ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಕಿವಿ ದಣಿಯುವುದು ನಿಮಗೊಬ್ಬರಿಗೇ ಅಲ್ಲ. ಕಾರಣ ನಿಮ್ಮ ಕಿವಿಯಲ್ಲೂ ಇಲ್ಲ, ಹೆಡ್‌ಫೋನ್‌ನಲ್ಲೂ ಇಲ್ಲ. ಆ ಕಾಲದಲ್ಲಿ ಎಲ್ಲರಿಗೂ ತಮ್ಮ ಸಿ.ಡಿ. ಪಕ್ಕದವರ ಸಿ.ಡಿ.ಗಿಂತ ಜೋರಾಗಿ ಕೇಳಿಸಬೇಕಿತ್ತು. ಅದಕ್ಕೆ ಮಾಸ್ಟರಿಂಗ್ ಹೊತ್ತಿಗೆ, ಅಂದರೆ ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವಾಗ, ಮೆತ್ತಗಿನ ಭಾಗವನ್ನು ಮೇಲಕ್ಕೆತ್ತಿ, ಜೋರಿನ ತುದಿಯನ್ನು ಅದುಮಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತರುತ್ತಿದ್ದರು. ಸದ್ದಿನ ಪೈಪೋಟಿಗೆ ಉದಾಹರಣೆ ಕೊಡುವಾಗ ಈ ಆಲ್ಬಂ ಹೆಸರೂ ಬರುತ್ತದೆ. ಮೆತ್ತಗೆ, ಜೋರು, ಮತ್ತೆ ಮೆತ್ತಗೆ ಅನ್ನುವ ಏರಿಳಿತದಲ್ಲಿ ಕಿವಿಗೆ ವಿಶ್ರಾಂತಿ ಸಿಗುತ್ತದೆ. ಅದಿಲ್ಲದಿದ್ದರೆ ದಣಿವು. ‘ರಯಟ್ ವ್ಯಾನ್’ ಬಂದಾಗ ನಿಮಗೆ ಹಾಯೆನಿಸುತ್ತೆ ಅಲ್ವಾ? ಅದೇ ಕಾರಣ. ವಾಲ್ಯೂಮ್ ಸ್ವಲ್ಪ ಇಳಿಸಿ ಕೇಳಿ, ಅಥವಾ ಸ್ಪೀಕರ್‌ನಲ್ಲಿ ಕೇಳಿ. ಕಿವಿಯಲ್ಲಿ ಗುಂಯ್ ಅನ್ನೋಕೆ ಶುರುವಾಗಿ ನಿಲ್ಲದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಈ ಒಂದು ವಿಷಯದಲ್ಲಿ ಅವರನ್ನು ಅನುಸರಿಸೋದು ಬೇಡ. ಸ್ಪಾಟಿಫೈನಂಥ ಆ್ಯಪ್‌ಗಳು ಈಗ ಎಲ್ಲ ಹಾಡನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಅಲ್ಲಿ ಮಾಮೂಲಿ ಮಟ್ಟ ಮೈನಸ್ 14 ಎಲ್.ಯು.ಎಫ್.ಎಸ್. (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ). ನೀವು ಎಷ್ಟೇ ಅದುಮಿ ಜೋರು ಮಾಡಿದರೂ ಅವರು ಇಳಿಸಿಬಿಡುತ್ತಾರೆ. ಅದುಮಿದ್ದರಿಂದ ಆದ ನಷ್ಟ ಮಾತ್ರ ಉಳಿಯುತ್ತದೆ. ಮಾಸ್ಟರಿಂಗ್ ಮಾಡುವವರಿಗೆ ‘ಜೋರು ಬೇಡ, ಡ್ರಮ್ಸ್ ಏಟು ಏಟಾಗಿ ಕೇಳಲಿ’ ಅಂತ ಮೊದಲೇ ಹೇಳಿ.

ದುಡ್ಡಿನ ವಿಷಯಕ್ಕೆ ನನ್ನ ನೇರ ಅಭಿಪ್ರಾಯ ಇದು. ಈಗಲೇ ಪೂರ್ತಿ ಆಲ್ಬಂ ಬೇಡ. 1.8 ಲಕ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈ ವರ್ಷ ಮುಟ್ಟಬೇಡಿ. ಮುಂದಿನ ಆರು ತಿಂಗಳು ಎಲ್ಲಿ ಕರೆದರೂ ನುಡಿಸಿ, ಕರೆಯದಿದ್ದರೆ ನೀವೇ ಏರ್ಪಾಡು ಮಾಡಿ. ಮೂರು ಗಿಗ್ ಇದ್ದದ್ದು ಇಪ್ಪತ್ತೈದಾಗಲಿ. ಆಮೇಲೆ ಜನ ಆರಿಸಿಕೊಟ್ಟ ಮೂರು ಹಾಡನ್ನು ಎರಡು ದಿನದಲ್ಲಿ ಹಿಡಿಯಿರಿ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಆರು ತಿಂಗಳಲ್ಲಿ ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಗಬಹುದು, ಇನ್ನೊಬ್ಬನ ಉತ್ಸಾಹ ಇಳಿಯಬಹುದು. ಈಗಿನ ಬಿಸಿ ಆಗ ಇರದೆ ಹೋಗಬಹುದು. ಆ ಭಯ ಜಾಸ್ತಿ ಇದ್ದರೆ ಜಾಮ್ ರೂಮಿನಲ್ಲೇ ಒಂದು ದಿನ, ನಾಲ್ಕೈದು ಮೈಕ್ ಬಾಡಿಗೆಗೆ ತಂದು, ಏಳು ಹಾಡನ್ನೂ ಹಾಗ್ಹಾಗೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾರೋಕೆ ಅಲ್ಲ, ನಿಮಗೆ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ಯಾವ ಹಾಡಿನಲ್ಲಿ ಯಾರ ಪದ, ಯಾರ ರಾಗ, ಬಂದ ದುಡ್ಡಲ್ಲಿ ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಅನ್ನಿಸುತ್ತೆ, ಗೊತ್ತು. ಆದರೆ ಅಷ್ಟು ದೊಡ್ಡ ಆಲ್ಬಂ ಬಂದ ಕೆಲವೇ ತಿಂಗಳಲ್ಲಿ ಅವರ ಬೇಸ್ ವಾದಕ ಆ್ಯಂಡಿ ನಿಕಲ್ಸನ್ ಬ್ಯಾಂಡ್ ಬಿಟ್ಟ, ಆ ಜಾಗಕ್ಕೆ ನಿಕ್ ಓಮ್ಯಾಲಿ ಬಂದ. ಚೆನ್ನಾಗಿ ನಡೆಯುತ್ತಿರುವಾಗಲೂ ಹೀಗಾಗುತ್ತದೆ. ನಮ್ಮ ಕಾನೂನಿನಲ್ಲಿ ಪದ ಮತ್ತು ರಾಗದ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ರೆಕಾರ್ಡಿಂಗಿನ ಹಕ್ಕು ಅದರ ಪ್ರೊಡ್ಯೂಸರ್‌ಗೆ, ಅಂದರೆ ಅದನ್ನು ಮಾಡಿಸುವ ಹೊಣೆ ಹೊತ್ತವರಿಗೆ ಸೇರುತ್ತದೆ. ದುಡ್ಡು ನಿಮ್ಮದಾದರೆ ಹಕ್ಕೂ ನಿಮ್ಮದೇ ಅಂತ ಸ್ಟುಡಿಯೋದವರಿಂದ ಬರೆಸಿಕೊಳ್ಳಿ. ಪ್ರತಿ ವಾದ್ಯದ ಬಿಡಿ ಬಿಡಿ ಫೈಲ್‌ಗಳನ್ನೂ ಕೇಳಿ ಇಸ್ಕೊಳ್ಳಿ. ಹಾಡು ಬರೆದವರು ಐ.ಪಿ.ಆರ್.ಎಸ್. (ಪದ, ರಾಗ ಬರೆದವರಿಗೆ ರಾಯಲ್ಟಿ ಸಂಗ್ರಹಿಸಿ ಕೊಡುವ ಸಂಸ್ಥೆ) ಸದಸ್ಯರಾಗುವುದು ಒಳ್ಳೆಯದು, ಆದರೆ ಅದಕ್ಕೆ ಅವಸರವಿಲ್ಲ.

ಎರಡನೇ ಆಲ್ಬಂ ಹೊತ್ತಿಗೆ ಇಂಥ ಬ್ಯಾಂಡ್‌ಗಳು ಸುಸ್ತಾಗಿಬಿಡುತ್ತವೆ ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಇವರ ಎರಡನೆಯದು 2007ರ ಏಪ್ರಿಲ್‌ನಲ್ಲೇ ಬಂತು, ಅದೂ ನಂಬರ್ ಒನ್.

ಈಗ ನನಗಾಗಿ ಒಂದು ಕೆಲಸ ಮಾಡಿ. ಆ ಎರಡು ಕನ್ನಡ ಹಾಡುಗಳನ್ನು ಜಾಮ್ ರೂಮಿನಲ್ಲಿ ಫೋನ್‌ನಲ್ಲೇ ಹಿಡಿದು ಕಳಿಸಿ. ಕ್ಲಿಕ್ ಬೇಡ, ತಿದ್ದೋದು ಬೇಡ. ಮಧ್ಯದಲ್ಲಿ ಯಾರಾದರೂ ತಪ್ಪಿ ನಕ್ಕರೆ ಅದೂ ಇರಲಿ.